ಬೆಲೆ ಹೇಳೋ ಮುಂಚೆ ಒಂದ್ಸಲ ಆನ್ ಮಾಡಿ ನೋಡಿ

ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಯುಧ ಪೂಜೆ ದಿನ ಒಂದು ಸತ್ತ ಕ್ಯಾಮೆರಾಗೆ ಕುಂಕುಮ ಇಡ್ತೀವಿ. ಅಪ್ಪನ ಸ್ಕೂಟರ್, ಅಮ್ಮನ ಹೊಲಿಗೆ ಮಷಿನ್, ಮಿಕ್ಸಿ, ಈಳಿಗೆಮಣೆ, ಇವುಗಳ ಸಾಲಲ್ಲಿ ಬೆಳ್ಳಿ ಬಣ್ಣದ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ. 2008ರಲ್ಲಿ ಅಕ್ಕನ ಮದುವೆಗೆ ಅಂತ ಅಪ್ಪ ತಂದದ್ದು. 2016ರ ಹೊತ್ತಿಗೆ ಆನ್ ಆಗೋದೇ ನಿಂತುಹೋಯ್ತು. ಪೂಜೆ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಕಳೆದ ತಿಂಗಳು ಶಿವಮೊಗ್ಗದ ಮನೆಗೆ ಪೇಂಟ್ ಮಾಡಿಸೋಕೆ ಅಂತ ಬೀರು ಖಾಲಿ ಮಾಡ್ತಿದ್ವಿ. ಅಮ್ಮ ಆ ಕ್ಯಾಮೆರಾನ ಹಳೇ ಪೇಪರ್ ಜೊತೆ ಗುಜರಿ ಚೀಲಕ್ಕೆ ಹಾಕಿದ್ರು. ನಾನು ಎತ್ಕೊಂಡೆ. ಪ್ರೀತಿಯಿಂದ ಅಂತ ಸುಳ್ಳು ಹೇಳಲ್ಲ, ದುಡ್ಡಿನ ಆಸೆಯಿಂದ. ಬೆಂಗಳೂರಲ್ಲಿ ನಮ್ಮ ಆಫೀಸಿನ ಹೊಸ ಹುಡುಗರು ಹಳೇ ‘ಡಿಜಿಕ್ಯಾಮ್’ ಹುಡುಕ್ಕೊಂಡು ಅಲೆಯೋದನ್ನ ನೋಡಿದ್ದೆ. ಅಲ್ಲೇ ನಿಂತು ಫೋಟೊ ತೆಗೆದು, ಹಳೇ ಸಾಮಾನು ಮಾರೋ ಆ್ಯಪ್‌ನಲ್ಲಿ ಹಾಕ್ದೆ: ‘ಕೆಲಸ ಮಾಡುತ್ತೋ ಇಲ್ಲವೋ ಗೊತ್ತಿಲ್ಲ. 800 ರೂಪಾಯಿ.’ ಹತ್ತೇ ನಿಮಿಷದಲ್ಲಿ ಇಂಜಿನಿಯರಿಂಗ್ ಓದ್ತಿರೋ ಒಬ್ಬ ಹುಡುಗಿಯ ಮೆಸೇಜ್: ‘ಅಕ್ಕ, ಬೇರೆ ಯಾರಿಗೂ ಕೊಡಬೇಡಿ, ನಾಳೆ ಬಂದು ತಗೋತೀನಿ.’ ಸರಿ ಅಂದೆ.

ನಾನು ಮಾಡಿದ ತಪ್ಪು ಅದೇ. ಆ ರಾತ್ರಿ ಸುಮ್ನೆ ಕೂತಿದ್ದಾಗ, ಕೊಡೋ ಮುಂಚೆ ಒಂದ್ಸಲ ನೋಡಿಬಿಡೋಣ ಅನ್ನಿಸ್ತು.

ಮೊದಲು ಸೆಲ್

ಸೆಲ್ ಮುಚ್ಚಳ ತೆಗೆದ್ರೆ ಒಳಗೆ 2016ರ ಎರಡು ಪೆನ್ಸಿಲ್ ಸೆಲ್, ಸುತ್ತ ಬಿಳೀ ಪುಡಿ. ‘ಕ್ಯಾಮೆರಾ ಸತ್ತಿದೆ’ ಅಂತ ನಾವು ಮೂಲೆಗೆ ಹಾಕೋ ಎಷ್ಟೋ ಕ್ಯಾಮೆರಾಗಳ ಕಾಯಿಲೆ ಇಷ್ಟೇ. ಆಲ್ಕಲೈನ್ ಸೆಲ್ ಸೋರಿದಾಗ ಬರೋದು ಕ್ಷಾರ. ಅದನ್ನ ಕರಗಿಸೋಕೆ ಹುಳಿ ಸಾಕು. ಕೈಗೆ ಗ್ಲೌಸ್ ಹಾಕ್ಕೊಂಡು, ಇಯರ್ ಬಡ್ ತುದಿಗೆ ಒಂದೇ ಹನಿ ನಿಂಬೆರಸ ಇಲ್ಲಾ ವಿನೆಗರ್ ತಾಗಿಸಿ ಲೋಹದ ಪಟ್ಟಿ ಉಜ್ಜಿ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಚೆನ್ನಾಗಿ ಒಣಗೋಕೆ ಬಿಡಿ.

ನಾನು ಒರೆಸಿದ ಮೇಲೆ ಗೋಡೆ ಗಡಿಯಾರದ ಸೆಲ್ ತೆಗೆದು ಹಾಕ್ದೆ. ಸ್ಕ್ರೀನ್ ಒಂದು ಕ್ಷಣ ಬೆಳಗಿ ಆರಿಹೋಯ್ತು. ಅಯ್ಯೋ ಹೋಯ್ತು ಅಂದ್ಕೊಂಡೆ. ಆದ್ರೆ ಗಡಿಯಾರಕ್ಕೆ ಬೇಕಾಗೋ ಕರೆಂಟ್ ತೀರಾ ಕಡಿಮೆ. ಕ್ಯಾಮೆರಾ ಲೆನ್ಸ್ ಹೊರಗೆ ಬರೋಕೆ ಒಂದೇ ಸಲಕ್ಕೆ ಜಾಸ್ತಿ ಬೇಕು, ಅಗ್ಗದ ಸೆಲ್ ಅದನ್ನ ಕೊಡಲ್ಲ. ಹೊಸ ಆಲ್ಕಲೈನ್ ಸೆಲ್ ಅಥವಾ ಚಾರ್ಜ್ ಮಾಡೋ ನಿಕ್ಕಲ್ ಸೆಲ್ ಹಾಕಿಯೇ ತೀರ್ಮಾನಕ್ಕೆ ಬನ್ನಿ. ಬೀದಿ ಕೊನೆಯ ಅಂಗಡಿಯಿಂದ ಹೊಸ ಸೆಲ್ ತಂದು ಹಾಕ್ದೆ. ‘ಕ್ರೀಂಚ್’ ಅಂತ ಲೆನ್ಸ್ ಹೊರಗೆ ಬಂತು.

ನಿಮ್ಮದು ಚಪ್ಪಟೆ ಲಿಥಿಯಂ ಬ್ಯಾಟರಿಯ ಕ್ಯಾಮೆರಾ ಆಗಿದ್ದು, ಬ್ಯಾಟರಿ ಊದಿಕೊಂಡಿದ್ರೆ ಚಾರ್ಜ್‌ಗೆ ಹಾಕಲೇಬೇಡಿ, ಅಪಾಯ. ಇನ್ನೊಂದು ಮಾತು: ಯೂಟ್ಯೂಬ್ ನೋಡಿ ಕ್ಯಾಮೆರಾ ಬಿಚ್ಚೋ ಸಾಹಸ ಬೇಡ. ಫ್ಲ್ಯಾಶ್‌ನ ಕೆಪಾಸಿಟರ್ ಸೆಲ್ ತೆಗೆದ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಕೊಂಡಿರುತ್ತೆ.

ಆಮೇಲೆ ಕಾರ್ಡ್

ಅಪ್ಪನ ಹಳೇ ಕಾರ್ಡ್ ಎಲ್ಲೋ ಕಳೆದಿತ್ತು. ನನ್ನ ಹತ್ರ ಇದ್ದ 64 ಜಿಬಿ ಕಾರ್ಡ್ ಹಾಕಿದ್ರೆ ‘ಕಾರ್ಡ್ ಎರರ್’. ಇದೂ ಕ್ಯಾಮೆರಾದ ತಪ್ಪಲ್ಲ. ಮೊದಲ ತಲೆಮಾರಿನ ಎಸ್‌ಡಿ ಕಾರ್ಡ್‌ಗಳು 2 ಜಿಬಿವರೆಗೆ ಮಾತ್ರ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ. ಹಳೇ ಕ್ಯಾಮೆರಾಗೆ ಹೊಸ ಕಾರ್ಡಿನ ಭಾಷೆ ಗೊತ್ತಿರಲ್ಲ. 2 ಜಿಬಿ ಕಾರ್ಡ್ ಎಲ್ಲಾದ್ರೂ ಸಿಕ್ಕಿದ್ರೆ ಹಾಕಿ ನೋಡಿ. ಕಾರ್ಡಿನ ಪಕ್ಕದಲ್ಲಿರೋ ಪುಟ್ಟ ಲಾಕ್ ಕೆಳಗೆ ಜಾರಿದ್ರೂ ಫೋಟೊ ಸೇವ್ ಆಗಲ್ಲ, ಅದನ್ನೂ ನೋಡ್ಕೊಳ್ಳಿ.

ನಾನು ಕಾರ್ಡ್ ಹೊರಗೆ ತೆಗೆದು, ಬೇಜಾರಲ್ಲಿ ಸುಮ್ನೆ ಪ್ಲೇ ಬಟನ್ ಒತ್ತಿದೆ.

ಒಂಬತ್ತು ಫೋಟೊ ಇದ್ವು.

ಎರಡು ಫ್ಯಾನ್‌ನದು. ಒಂದು ಅಪ್ಪನ ಹೆಬ್ಬೆರಳು. ಒಂದು ಗೋಡೆ ಮೇಲಿನ ಕ್ಯಾಲೆಂಡರ್, ಓರೆಯಾಗಿ. ಯೂನಿಫಾರ್ಮ್‌ನಲ್ಲೇ ಕೂತು ಮಂಡಕ್ಕಿ ತಿಂತಿರೋ ನಾನು, ಎರಡು ಸಲ. ತಲೆಗೂದಲು ಒಣಗಿಸ್ಕೊಳ್ತಿರೋ ಅಕ್ಕ, ಎರಡು ಸಲ. ಕೊನೆಯದು ಅಮ್ಮ: ಅಡುಗೆಮನೆ ಬಾಗಿಲಲ್ಲಿ ನಿಂತು, ‘ಬೇಡ ಬೇಡ’ ಅಂತ ಸೌಟು ಅಡ್ಡ ಹಿಡಿದು ನಗ್ತಿದ್ದಾರೆ.

ಅಪ್ಪನ್ನ ಕರೆದು ತೋರಿಸ್ದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. ‘ತಂದ ದಿನದ್ದು ಇದು. ಅವತ್ತು ಕಾರ್ಡ್ ಇರ್ಲಿಲ್ಲ, ಅಂಗಡಿಯವನು ಮಾರನೇ ದಿನ ಕೊಡ್ತೀನಿ ಅಂದಿದ್ದ. ಫೋಟೊ ಎಲ್ಲೋ ಹೋಯ್ತು ಅಂದ್ಕೊಂಡಿದ್ದೆ’ ಅಂದ್ರು.

ಎಲ್ಲೂ ಹೋಗಿರ್ಲಿಲ್ಲ. ಆ ಕಾಲದ ಹಲವು ಕ್ಯಾಮೆರಾಗಳ ಒಳಗೇ ಸ್ವಲ್ಪ ಮೆಮೊರಿ ಇರ್ತಿತ್ತು. ಕಾರ್ಡ್ ಇಲ್ಲದಿದ್ರೆ ಫೋಟೊ ಅದಕ್ಕೆ ಹೋಗುತ್ತೆ. ಕಾರ್ಡ್ ಹಾಕಿದ ಮೇಲೆ ಪ್ಲೇ ಒತ್ತಿದ್ರೆ ಕಾಣೋದು ಕಾರ್ಡಿನ ಫೋಟೊಗಳಷ್ಟೇ. ಆಮೇಲೆ ಯಾವತ್ತೂ ಕಾರ್ಡ್ ತೆಗೀದೇ ಇದ್ರಿಂದ ನಮಗೆ ಗೊತ್ತೇ ಆಗ್ಲಿಲ್ಲ. ಆದ್ದರಿಂದ ನಿಮ್ಮ ಕ್ಯಾಮೆರಾನ ಕಾರ್ಡ್ ಇಲ್ಲದೆಯೂ ಒಂದ್ಸಲ ನೋಡಿ. ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕ್ಕೊಳ್ಳಬಹುದು, ಅಥವಾ ಮೆನುವಿನ ‘ಕಾಪಿ’ಯಿಂದ ಕಾರ್ಡ್‌ಗೆ ಇಳಿಸ್ಕೊಳ್ಳಬಹುದು.

ಇಷ್ಟನ್ನೂ ಪರೀಕ್ಷಿಸಿ

• ಬಿಳೀ ಗೋಡೆಯ ಫೋಟೊ ತೆಗೀರಿ. ಕಪ್ಪು ಚುಕ್ಕೆ ಕಂಡ್ರೆ ಸೆನ್ಸರ್ ಮೇಲೆ ಧೂಳು ಇರಬಹುದು. ಅಡ್ಡಡ್ಡ ನೇರಳೆ ಗೆರೆ ಬಂದ್ರೆ ಅಥವಾ ಪೂರ್ತಿ ಕಪ್ಪಾದ್ರೆ ಸೆನ್ಸರೇ ಹೋಗಿರಬಹುದು. ಅದು ಮನೆಯಲ್ಲಿ ಆಗೋ ರಿಪೇರಿ ಅಲ್ಲ.

• ಫೋನಿನ ಟಾರ್ಚ್ ಲೆನ್ಸ್‌ಗೆ ಓರೆಯಾಗಿ ಹಿಡೀರಿ. ಒಳಗೆ ಜೇಡರ ಬಲೆ ಥರ ಎಳೆ ಕಂಡ್ರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಇದು ಮಾಮೂಲಿ. ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎಸೀಬೇಡಿ, ಕ್ಯಾಮೆರಾ ಜೊತೆ ಇಡಿ.

• ಝೂಮ್, ಫ್ಲ್ಯಾಶ್, ವಿಡಿಯೊ, ಪ್ರತಿಯೊಂದು ಬಟನ್ ಒತ್ತಿ ನೋಡಿ. ಲೆನ್ಸ್ ಅರ್ಧಕ್ಕೆ ಸಿಕ್ಕಿಕೊಂಡ್ರೆ ಕೈಯಿಂದ ತಳ್ಳಬೇಡಿ.

• ಪ್ರತಿ ಸಲ ತಾರೀಖು ಕೇಳುತ್ತಾ? ಒಳಗಿನ ಪುಟ್ಟ ಬ್ಯಾಟರಿ ಖಾಲಿ ಆಗಿದೆ. ಹಲವು ಕ್ಯಾಮೆರಾಗಳಲ್ಲಿ ಒಳ್ಳೇ ಸೆಲ್ ಹಾಕಿ ಒಂದು ದಿನ ಬಿಟ್ರೆ ಅದು ತಾನೇ ಚಾರ್ಜ್ ಆಗುತ್ತೆ.

ಬೆಲೆ ಎಷ್ಟು?

ಮೆಗಾಪಿಕ್ಸೆಲ್ ಮರೆತುಬಿಡಿ. ಆ ಲೆಕ್ಕದಲ್ಲಿ ನಿಮ್ಮ ಫೋನೇ ಮುಂದೆ. ಈಗಿನವರು ಇಷ್ಟಪಡೋದು ಹಳೇ ಸಿಸಿಡಿ ಸೆನ್ಸರ್‌ನ ಬಣ್ಣ, ಮುಖಕ್ಕೆ ನೇರ ಹೊಡೆಯೋ ಫ್ಲ್ಯಾಶ್, ಫೋನಿನ ಹಾಗೆ ಮುಖ ನುಣುಪು ಮಾಡದ ಚಿತ್ರ. ಬೆಲೆ ನಿಲ್ಲೋದು ಮಾಡೆಲ್, ಸ್ಥಿತಿ, ಜೊತೆಗಿರೋ ಚಾರ್ಜರ್, ಬ್ಯಾಟರಿ, ಕೇಬಲ್ ಮೇಲೆ. ಆ್ಯಪ್‌ನಲ್ಲಿ ಜನ ಕೇಳ್ತಿರೋ ಬೆಲೆ ನೋಡಿ ಹಿಗ್ಗಬೇಡಿ. ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದೇ ಬೆಲೆ. ತಿಂಗಳುಗಟ್ಟಲೆ ಹಾಗೇ ಬಿದ್ದಿರೋ ಜಾಹೀರಾತು ಬೆಲೆ ಅಲ್ಲ, ಆಸೆ. ಕೊಂಡವರು ಹೊಸ ಬ್ಯಾಟರಿ, ಕಾರ್ಡ್ ತಗೋಬೇಕಾದ್ರೆ ಆ ಖರ್ಚನ್ನ ನಿಮ್ಮ ಬೆಲೆಯಿಂದ ಕಳೀರಿ.

‘ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಮಾತು ನಿಲ್ಲಿಸಿ. ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ.

ಕಾರ್ಡನ್ನ ಮಾತ್ರ ಮಾರಬೇಡಿ. ಡಿಲೀಟ್ ಮಾಡಿದ, ಸುಮ್ನೆ ಫಾರ್ಮ್ಯಾಟ್ ಮಾಡಿದ ಫೋಟೊಗಳನ್ನ ಸಾಫ್ಟ್‌ವೇರ್‌ನಿಂದ ವಾಪಸ್ ತೆಗೀಬಹುದು. ನಿಮ್ಮ ಮನೆಯವರ ಫೋಟೊ ಅಪರಿಚಿತರ ಕೈಗೆ ಯಾಕೆ? ಒಳಗಿನ ಮೆಮೊರಿಯನ್ನ ಕಾಪಿ ಮಾಡ್ಕೊಂಡ ಮೇಲೆ ಫಾರ್ಮ್ಯಾಟ್ ಮಾಡಿ, ಅದು ತುಂಬೋವರೆಗೂ ಗೋಡೆಯ ಫೋಟೊ ತೆಗೆದು, ಮತ್ತೆ ಅಳಿಸಿ.

ದಾನ ಕೊಡೋದಾದ್ರೆ ಕೆಲಸ ಮಾಡೋದನ್ನೇ ಕೊಡಿ. ಸೆಲ್, ಕೇಬಲ್, ಹೊಂದೋ ಕಾರ್ಡ್ ಜೊತೆ, ‘ಹೀಗೆ ಬಳಸಿ’ ಅಂತ ಅರ್ಧ ಪುಟ ಬರೆದು ಕೊಟ್ರೆ ಊರಿನ ಶಾಲೆಯಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಕೆಟ್ಟದ್ದನ್ನ ಶಾಲೆಗೆ ದಾಟಿಸೋದು ದಾನ ಅಲ್ಲ. ಅದು ಇ-ತ್ಯಾಜ್ಯ ಸಂಗ್ರಹಿಸೋರಿಗೆ ಹೋಗಲಿ.

ಕೊನೆಗೆ

ಪರೀಕ್ಷೆ ಎಲ್ಲಾ ಮುಗಿದಾಗ ನನ್ನ ಲೆಕ್ಕದಲ್ಲಿ ನಮ್ಮ ಕ್ಯಾಮೆರಾಗೆ ಎರಡು ಸಾವಿರ ಧಾರಾಳವಾಗಿ ಬರ್ತಿತ್ತು. ಹುಡುಗಿಗೆ ಮೆಸೇಜ್ ಟೈಪ್ ಮಾಡ್ತಿದ್ದೆ: ‘ಈಗ ಆನ್ ಆಗ್ತಿದೆ, ಬೆಲೆ ಬದಲಾಗಿದೆ.’ ಅಪ್ಪ ಕೇಳಿದ್ರು, ‘ಎಷ್ಟು ಅಂದಿದ್ದೆ?’

‘800.’

‘ಹಾಗಾದ್ರೆ 800ಕ್ಕೇ ಕೊಡು. ನೋಡ್ದೇ ಬೆಲೆ ಹೇಳಿದ್ದು ನೀನು, ಅವಳಲ್ಲ.’

ಮರುದಿನ ಆ ಹುಡುಗಿ ಬಂದಳು. ಅಪ್ಪ ಜಗಲಿಯಲ್ಲಿ ಕೂರಿಸ್ಕೊಂಡು ಇಪ್ಪತ್ತು ನಿಮಿಷ ಪಾಠ ಮಾಡಿದ್ರು. ‘ಬಟನ್ ಅರ್ಧ ಒತ್ತಮ್ಮ, ಹಸಿರು ಚೌಕ ಬರೋವರೆಗೂ ಕಾಯಿ. ಆಮೇಲೆ ಪೂರ್ತಿ ಒತ್ತು. ಬಳಸ್ದೇ ಇದ್ದಾಗ ಸೆಲ್ ತೆಗೆದಿಡು, ನಾನು ಅದೊಂದು ಮಾಡ್ಲಿಲ್ಲ.’ ಅವಳು ಮೊದಲ ಫೋಟೊ ಅಪ್ಪನದ್ದೇ ತೆಗೆದಳು.

ನೋಡದೆ ಬೆಲೆ ಹೇಳಿದ್ದಕ್ಕೆ ನನಗೆ ಸಾವಿರದ ಇನ್ನೂರು ರೂಪಾಯಿ ಹೋಯ್ತು. ಆ ರಾತ್ರಿ ಆನ್ ಮಾಡಿ ನೋಡದೇ ಇದ್ದಿದ್ರೆ ಒಂಬತ್ತು ಫೋಟೊನೂ ಹೋಗ್ತಿತ್ತು. ಸೌಟು ಹಿಡಿದ ಅಮ್ಮನ ಫೋಟೊ ಈಗ ಪ್ರಿಂಟ್ ಆಗಿ, ಹೊಸ ಪೇಂಟ್ ಹೊಡೆದ ಗೋಡೆ ಮೇಲಿದೆ. ‘ಇಷ್ಟು ಚೆನ್ನಾಗಿರೋ ಫೋಟೊ ಬಿಟ್ಟು ಇದೇ ಬೇಕಿತ್ತಾ’ ಅಂತ ಅಮ್ಮ ದಿನಾ ಬೈತಾರೆ. ತೆಗೀರಿ ಅಂತ ಮಾತ್ರ ಇನ್ನೂ ಹೇಳಿಲ್ಲ.