ಅರಳುಮರಳು ಎಂದು ಕೈತೊಳೆದುಕೊಳ್ಳುವ ಮುನ್ನ

"ಎಪ್ಪತ್ತು ತುಂಬಿದೆ, ಮೈ ಶೇಕಡಾ 40 ಸುಟ್ಟಿದೆ, ಇನ್ನೇನು ಉಳಿದಿದೆ?" ಸುಟ್ಟಗಾಯದ ವಾರ್ಡಿನಲ್ಲಿ ಇದನ್ನು ಹೇಳುವವರು ನೆಂಟರಷ್ಟೇ ಅಲ್ಲ, ಒಮ್ಮೊಮ್ಮೆ ಚಿಕಿತ್ಸೆ ಕೊಡಬೇಕಾದವರೂ ಹೇಳುತ್ತಾರೆ. ಅದಕ್ಕೊಂದು ಲೆಕ್ಕದ ಆಸರೆಯೂ ಇದೆ. ವಯಸ್ಸಿಗೆ ಸುಟ್ಟ ಭಾಗದ ಶೇಕಡಾವಾರನ್ನು ಕೂಡಿಸುವ ಸೂತ್ರವನ್ನು ಫ್ರಾನ್ಸಿನ ಬೋ ಎಂಬ ವೈದ್ಯರು 1961ರಲ್ಲಿ ಕೊಟ್ಟರು. ಮೊತ್ತ 100 ದಾಟಿದರೆ ಆಸೆ ಬಿಡುತ್ತಿದ್ದ ಕಾಲವಿತ್ತು. ಇಂದು ಒಳ್ಳೆಯ ಕೇಂದ್ರಗಳಲ್ಲಿ ಆ ಗಡಿ ದಾಟಿದವರೂ ಬದುಕಿ ಮನೆಗೆ ಹೋಗುತ್ತಿದ್ದಾರೆ. ಅಂದಾಜಿಗೆಂದು ಹುಟ್ಟಿದ ಸೂತ್ರವನ್ನು ಮರಣದಂಡನೆಯ ತೀರ್ಪಾಗಿ ಓದುವ ಅಧಿಕಾರವನ್ನು ಯಾರು ಕೊಟ್ಟರು?

ಕೈಬಿಡುವ ಮೊದಲು ಸರಿಯಾಗಿ ನೋಡಿದಿರಾ ಎಂಬುದಷ್ಟೇ ನಮ್ಮ ಪ್ರಶ್ನೆ. ವೃದ್ಧರ ಚರ್ಮ ತೆಳು. ಯುವಕನ ಮೈಮೇಲೆ ಬರೀ ಬೊಬ್ಬೆ ಏಳಿಸುವ ಹಂಡೆಯ ಬಿಸಿನೀರು ಅಜ್ಜಿಯ ಮೈಯಲ್ಲಿ ಆಳಕ್ಕಿಳಿಯುತ್ತದೆ. ಮೊದಲ ದಿನ ಮೇಲುಮೇಲಿನದಾಗಿ ಕಂಡ ಗಾಯ ಮೂರನೆಯ ದಿನಕ್ಕೆ ಆಳದ್ದಾಗಿರಬಹುದು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ, ದೇಹ ಕುಸಿಯುತ್ತಿದ್ದರೂ ಏರದಿರಬಹುದು. ಸೋಂಕು ರಕ್ತಕ್ಕೆ ಸೇರಿದರೂ ಜ್ವರ ಬಾರದೆ, ಮಾತು ಮಾತ್ರ ತಪ್ಪಬಹುದು. ಅದನ್ನು ನಾವು ಏನೆನ್ನುತ್ತೇವೆ? ಅರಳುಮರಳು! ನಿನ್ನೆಯವರೆಗೆ ಮೊಮ್ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜಿಗೆ ಒಂದೇ ರಾತ್ರಿಯಲ್ಲಿ ಅರಳುಮರಳು ಬರುತ್ತದೆಯೇ?

ಡ್ರಿಪ್ಪಿನ ಲೆಕ್ಕವಂತೂ ಕತ್ತಿಯಂಚಿನ ನಡಿಗೆ. ಕಡಿಮೆಯಾದರೆ ಮೂತ್ರಪಿಂಡ ಕೆಡುತ್ತದೆ, ಹೆಚ್ಚಾದರೆ ದುರ್ಬಲ ಹೃದಯ ತಾಳದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆದ್ದರಿಂದಲೇ ಗಂಟೆಗಂಟೆಗೂ ಮೂತ್ರ ಅಳೆಯಬೇಕು. 50 ಕಿಲೋ ತೂಕದವರಿಗೆ ಗಂಟೆಗೆ ಸುಮಾರು 25 ಮಿಲಿಲೀಟರ್ ಬರಬೇಕು. ಅಳೆಯುವವರು ಯಾರು? ಇಡೀ ವಾರ್ಡಿಗೆ ರಾತ್ರಿ ಒಬ್ಬರೇ ಸಿಸ್ಟರ್ ಇದ್ದರೆ ಆ ಅಳತೆ ಚೀಟಿಯ ಮೇಲೆ ಮಾತ್ರ ಇರುತ್ತದೆ. ಹೊಸ ಯಂತ್ರದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ದಾದಿಯರ ಖಾಲಿ ಹುದ್ದೆಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಎಲ್ಲರೂ ಬದುಕುತ್ತಾರೆಂದು ನಾವು ಹೇಳುತ್ತಿಲ್ಲ. ಬದುಕಲಾರರೆಂದು ಖಚಿತವಾದವರಿಗೂ ನೋವು ಇದೆಯಲ್ಲ! ಮುದುಕರು ಕೂಗಾಡುವುದಿಲ್ಲ, ಹಲ್ಲು ಕಚ್ಚಿ ಮಲಗಿರುತ್ತಾರೆ. ಆ ಮೌನವನ್ನು ಸುಖವೆಂದು ತಿಳಿದು, ನೋವಿನ ಔಷಧಿ ಕೊಡದೆ ಬ್ಯಾಂಡೇಜು ಕೀಳುವುದು ಕ್ರೌರ್ಯ. ಮನೆಯವರ ಪಾಲೂ ಇದೆ: ಅವರು ನುಂಗುವ ಮಾತ್ರೆಗಳಾವುವು, ಸುಡುವ ಮುನ್ನ ತಾವೇ ಎದ್ದು ನಡೆಯುತ್ತಿದ್ದರೇ, ಬುದ್ಧಿ ಚುರುಕಾಗಿತ್ತೇ ಎಂಬುದನ್ನು ಮೊದಲ ಗಂಟೆಯಲ್ಲೇ ಸಿಸ್ಟರಿಗೆ ಹೇಳಿ. ಕೇಳದಿದ್ದರೂ ಹೇಳಿ, ಬರೆಯಿಸಿ.