ಪದಸಂಚಾರ: ಟರ್ನ್‌ಪೈಕ್

ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಕುದುರೆ ಸಾರೋಟು 'ಟರ್ನ್‌ಪೈಕ್' ಬಳಿ ನಿಂತು ಕಾಸು ಕೊಟ್ಟು ಮುಂದೆ ಹೋಗುತ್ತದೆ. ಅಮೆರಿಕದಲ್ಲಿರುವ ನೆಂಟರೋ 'ಟರ್ನ್‌ಪೈಕ್' ಮೇಲೆ ನೂರು ಮೈಲಿ ಕಾರು ಓಡಿಸಿದೆವು ಎನ್ನುತ್ತಾರೆ. ಹಾಗಾದರೆ ಇದು ಗೇಟೋ, ರಸ್ತೆಯೋ? ಎರಡೂ ಹೌದು. ಆದರೆ ಮೂಲದಲ್ಲಿ ಎರಡೂ ಅಲ್ಲ!

ಪದವನ್ನು ಬಿಡಿಸಿ ನೋಡಿ. 'ಟರ್ನ್' ಎಂದರೆ ತಿರುಗು. 'ಪೈಕ್' ಎಂದರೆ ಈಟಿ, ಮೊನಚು. ಹದಿನೈದನೆಯ ಶತಮಾನದಲ್ಲಿ ಶತ್ರುಗಳ ಕುದುರೆಗಳು ನುಗ್ಗದಂತೆ ದಾರಿಗೆ ಅಡ್ಡವಾಗಿ ನಿಲ್ಲಿಸುತ್ತಿದ್ದ, ಮೊಳೆಮೊನೆಗಳುಳ್ಳ ತಿರುಗುವ ತಡೆಗೆ ಈ ಹೆಸರಿತ್ತು. ಸುಂಕಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಸಂಬಂಧ ಬೆಳೆದದ್ದು ಹದಿನೇಳನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ರಸ್ತೆ ರಿಪೇರಿ ಆಯಾ ಊರಿನವರ ಹೊಣೆ. ವರ್ಷಕ್ಕೆ ಇಷ್ಟು ದಿನವೆಂದು ಬಿಟ್ಟಿ ದುಡಿಯಬೇಕಿತ್ತು. ಲಂಡನ್ನಿಗೆ ಹೋಗುವ ಭಾರದ ಗಾಡಿಗಳು ಬೇರೆಯವರದು, ಹಳ್ಳ ಮುಚ್ಚುವ ಕೈ ಮಾತ್ರ ದಾರಿ ಪಕ್ಕದ ರೈತನದು. 1663ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಉತ್ತರದ ಮಹಾಮಾರ್ಗದಲ್ಲಿ ಹರ್ಟ್‌ಫರ್ಡ್‌ಶೈರ್ ಸೇರಿದಂತೆ ಮೂರು ಕೌಂಟಿಗಳಲ್ಲಿ ಬಳಸುವವರಿಂದಲೇ ಹಣ ವಸೂಲು ಮಾಡಲು ಅನುಮತಿ ಕೊಟ್ಟಿತು. ಹಣ ಕೊಡುವತನಕ ಗಾಡಿ ತಡೆಯುವ ಗೇಟಿಗೆ ಹಳೆಯ ಯುದ್ಧದ ಪದ ಅಂಟಿಕೊಂಡಿತು.

ಮುಂದೆ ರಸ್ತೆಗಳನ್ನು ಟ್ರಸ್ಟುಗಳು ವಹಿಸಿಕೊಂಡವು. 1830ರ ದಶಕದ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಟ್ರಸ್ಟುಗಳು, ಅವುಗಳ ಕೈಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮೈಲಿ ರಸ್ತೆ! ರಸ್ತೆಗಳು ಸುಧಾರಿಸಿದ್ದು ನಿಜ. ಟಪಾಲು ಸಾರೋಟಿಗೆ ಸುಂಕವಿರಲಿಲ್ಲ; ದೂರದಿಂದಲೇ ಕಹಳೆ ಊದಿದರೆ ಗೇಟು ತೆರೆದಿರಬೇಕು.

ಬಡರೈತನಿಗೆ ಆ ಕಹಳೆ ಇರಲಿಲ್ಲ. ವೇಲ್ಸ್‌ನಲ್ಲಿ ಮಳೆ ಹೆಚ್ಚು, ಮಣ್ಣು ಹುಳಿ. ಆಮ್ಲವನ್ನು ತಟಸ್ಥಗೊಳಿಸಲು ಸುಣ್ಣ ಬೇಕು. ಗೂಡಿನಿಂದ ಹೊಲಕ್ಕೆ ಸುಣ್ಣದ ಗಾಡಿ ತರುವಷ್ಟರಲ್ಲಿ ಹಲವು ಗೇಟುಗಳು ಎದುರಾಗುತ್ತಿದ್ದವು. 1839ರಿಂದ 1843ರವರೆಗೆ ಅಲ್ಲಿನ ಗಂಡಸರು ಹೆಣ್ಣುವೇಷ ಹಾಕಿ, 'ರೆಬೆಕ್ಕ ಮತ್ತು ಅವಳ ಹೆಣ್ಣುಮಕ್ಕಳು' ಎಂಬ ಹೆಸರಿನಲ್ಲಿ ರಾತ್ರೋರಾತ್ರಿ ಗೇಟುಗಳನ್ನು ಒಡೆದುಹಾಕಿದರು. 1844ರ ಕಾಯಿದೆ ಸುಣ್ಣದ ಮೇಲಿನ ಸುಂಕವನ್ನು ಅರ್ಧಕ್ಕಿಳಿಸಿತು. ಆಮೇಲೆ ರೈಲಿನ ಪೈಪೋಟಿಗೆ ಸಿಕ್ಕಿ ಟ್ರಸ್ಟುಗಳು ಸೊರಗಿದವು. ಕೊನೆಯದು 1895ರಲ್ಲಿ ಮುಚ್ಚಿತು.

ಇನ್ನು ಬಳಕೆ. 'ಟರ್ನ್‌ಪೈಕ್ ರಸ್ತೆ' ಎಂಬುದು ಸವೆದು 'ಟರ್ನ್‌ಪೈಕ್' ಆಯಿತು. ಗೇಟಿನ ಹೆಸರು ರಸ್ತೆಗೇ ಬಂತು. ಅಮೆರಿಕದಲ್ಲಿ ಉಳಿದದ್ದು ಈ ಅರ್ಥ. 1940ರಲ್ಲಿ ತೆರೆದ ಪೆನ್ಸಿಲ್ವೇನಿಯ ಟರ್ನ್‌ಪೈಕ್ ಇದಕ್ಕೆ ಉದಾಹರಣೆ. ಸ್ಕಾಟ್ಲೆಂಡಿನಲ್ಲಿ ಇದೇ ಪದಕ್ಕೆ ಸುರುಳಿ ಮೆಟ್ಟಿಲು ಎಂಬ ಅರ್ಥವೂ ಇದೆ. ವಿದ್ಯಾರ್ಥಿಗಳು ಇಷ್ಟು ನೆನಪಿಡಬೇಕು: 'ಟೋಲ್' ಎಂದರೆ ಕೊಡುವ ಹಣ, 'ಟೋಲ್‌ಗೇಟ್' ಅದನ್ನು ವಸೂಲು ಮಾಡುವ ಜಾಗ, 'ಟರ್ನ್‌ಸ್ಟೈಲ್' ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುವ ತಿರುಗುಗಂಬ. ನಮ್ಮ ಹೆದ್ದಾರಿಯ ಟೋಲ್ ಪ್ಲಾಜಾವನ್ನು ಇಂಗ್ಲಿಷಿನಲ್ಲಿ ಟರ್ನ್‌ಪೈಕ್ ಎಂದು ಬರೆದರೆ ಓದಿದವರು ಗಲಿಬಿಲಿಗೊಳ್ಳುತ್ತಾರೆ.

ಕನ್ನಡದಲ್ಲಿ ಪದಕ್ಕೆ ಬರವಿಲ್ಲ. 'ಸುಂಕದಕಟ್ಟೆ' ಇದೆಯಲ್ಲ! ಬೆಂಗಳೂರಿನ ಆ ಬಡಾವಣೆಯ ಹೆಸರನ್ನು, ಧಾರವಾಡದ ಟೋಲ್‌ನಾಕಾ ಹೆಸರನ್ನು ಬಸ್ಸಿನಲ್ಲಿ ದಿನವೂ ಕೇಳುತ್ತೇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯೂ ನಮ್ಮದೇ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಸುಖದುಃಖ ಹೇಳಿಕೊಳ್ಳಲು ಆ ಸುಂಕದವನೂ ಎದುರಿಗಿಲ್ಲ. ಗಾಜಿನ ಮೇಲಿನ ಚೀಟಿಯನ್ನು ರೇಡಿಯೊ ಅಲೆ ಓದುತ್ತದೆ, ಖಾತೆಯಿಂದ ಹಣ ಹೋಗುತ್ತದೆ.

ಈಟಿ ಹೋಯಿತು, ಗೇಟಿನ ಕಂಬವೂ ಒಂದು ದಿನ ಹೋಗಬಹುದು. ಆದರೆ ರಸ್ತೆ ಸವೆಸುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂಬ 1663ರ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ರಸೀದಿ ಕೈಗೆ ಬರಲಿ, ಮೊಬೈಲಿಗೆ ಬರಲಿ, ಅದನ್ನು ಕೇಳುವ ಹಕ್ಕು ಸುಂಕ ಕೊಟ್ಟವನಿಗಿದೆ.