ಒಂದು ಕಲ್ಲು ಸಾಲದೆ?

ಮುಂಬಯಿಯಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ನಾಲಿಗೆಗಳೆಲ್ಲ ಹರಿತವಾಗಿವೆ. ಚಾಕುಗಳು ಮಾತ್ರ ಮೊಂಡಾಗಿವೆ. ಕತ್ತಿ ಮಸೆಯುವುದೆಂದರೆ ನಮಗೀಗ ಯಾರ ಮೇಲೋ ಹಗೆ ಸಾಧಿಸುವುದು ಎಂದಷ್ಟೇ ಅರ್ಥ. ಸಂಘಸಂಸ್ಥೆಗಳ ಚುನಾವಣೆ ಬಂದಾಗ ಆ ವಿದ್ಯೆ ನಮ್ಮಲ್ಲಿ ಇನ್ನೂ ಜೀವಂತವಾಗಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಡಿಗೆಮನೆಯ ಕತ್ತಿಯನ್ನು ಕಲ್ಲಿನ ಮೇಲೆ ಮಸೆಯುವ ವಿದ್ಯೆ, ಊರಿನ ಹಿತ್ತಿಲಲ್ಲಿ ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳದೆ ಬಂದಿದ್ದ ವಿದ್ಯೆ, ನಮ್ಮ ಕೈಬಿಟ್ಟಿದೆ. ಅದು ಬಿಟ್ಟುಹೋದ ಜಾಗದಲ್ಲಿ ನೂರೆಂಟು ಯಂತ್ರಗಳು ಬಂದು ಕುಳಿತಿವೆ. ಮೊದಲ ಬಾರಿಗೆ ಚಾಕು ಹರಿತ ಮಾಡಲು ಹೊರಟವರು ಯಾವ ಸಾಧನ ಕೊಳ್ಳಬೇಕು ಎಂದು ಕೇಳಿದರೆ ನಮ್ಮ ಉತ್ತರ ಒಂದೇ: ಎರಡು ಮುಖದ ಒಂದು ಸಾಣೆಕಲ್ಲು. ಮಿಕ್ಕದ್ದು ದಂಡ ಎಂಬುದೇ ನಮ್ಮ ವಾದ.

ಇದೇನು ಮಹಾ ವಿಷಯ ಎಂದು ನಗುವ ಮಹನೀಯರಿದ್ದಾರೆ. ಅವರಲ್ಲಿ ಹೆಚ್ಚಿನವರು ಹುಳಿ ಉಣ್ಣುವವರೇ ಹೊರತು ತರಕಾರಿ ಹೆಚ್ಚುವವರಲ್ಲ. ನಮ್ಮ ಬಹಳಷ್ಟು ಮನೆಗಳಲ್ಲಿ ಚಾಕು ಕೊಂಡು ತರುವ ಕೈ ಬೇರೆ, ಅದನ್ನು ದಿನಕ್ಕೆರಡು ಹೊತ್ತು ಹಿಡಿಯುವ ಕೈ ಬೇರೆ. ಮೊಂಡು ಅಲಗು ಟೊಮೆಟೊ ಸಿಪ್ಪೆಯ ಮೇಲೆ ನಿಲ್ಲದೆ ಜಾರುತ್ತದೆ. ಜಾರಬಾರದೆಂದು ಕೈ ಇನ್ನಷ್ಟು ಒತ್ತುತ್ತದೆ. ಒತ್ತಿದ ಬಲವೆಲ್ಲ ಕೊನೆಗೆ ಬೆರಳಿಗೆ ಹೋಗುತ್ತದೆ. ಹರಿತವಾದ ಚಾಕು ಅಪಾಯವೆಂದು ಹೆದರಿ ಮೊಂಡು ಚಾಕು ಇಟ್ಟುಕೊಳ್ಳುವುದು ಬಿದ್ದೇನೆಂದು ಹೆದರಿ ಊರುಗೋಲು ಎಸೆದಂತೆ. ಇನ್ನು ಈರುಳ್ಳಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೫ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಮೊಂಡು ಅಲಗು ಈರುಳ್ಳಿಯನ್ನು ಸೀಳುವ ಮುನ್ನ ಅದುಮುತ್ತದೆ. ಒಳಗಿನ ರಸ ಹೆಚ್ಚು ಹನಿಗಳಾಗಿ, ಹೆಚ್ಚು ವೇಗದಿಂದ ಮೇಲಕ್ಕೆ ಸಿಡಿಯುತ್ತದೆ. ಅಂದಮೇಲೆ ಗೃಹಿಣಿಯ ಕಣ್ಣೀರಿಗೆ ಈರುಳ್ಳಿಯೊಂದೇ ಕಾರಣವಲ್ಲ; ಮನೆಯ ಯಜಮಾನರ ಉದಾಸೀನವೂ ಪಾಲುದಾರ.

ಈಗ ಪೇಟೆಯ ಸಾಧನಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಎಳೆದರೆ ಹರಿತವಾಗುವ ಪುಟ್ಟ ಡಬ್ಬಿ. ಅದರ ಸೀಳಿನಲ್ಲಿ ಗಟ್ಟಿ ಲೋಹದ ಎರಡು ತುಂಡುಗಳು ಕತ್ತರಿಯಂತೆ ಅಡ್ಡಲಾಗಿರುತ್ತವೆ. ಚಾಕುವನ್ನು ನಾಲ್ಕು ಸಲ ಎಳೆದರೆ ಹರಿತವಾದುದು ನಿಜ. ಆದರೆ ಅದು ಮಸೆಯುವುದಲ್ಲ, ಕೆರೆಯುವುದು. ಅಂಚಿನ ಲೋಹ ಒರಟೊರಟಾಗಿ ಕಿತ್ತುಬರುತ್ತದೆ, ಹರಿತ ಬೇಗನೆ ಹೋಗುತ್ತದೆ, ಮತ್ತೆ ಎಳೆಯುತ್ತೇವೆ. ಯಾವ ಚಾಕುವಾದರೂ ಅದಕ್ಕೆ ಒಂದೇ ಕೋನ. ಎರಡನೆಯದು ವಿದ್ಯುತ್ತಿನಿಂದ ತಿರುಗುವ ಚಕ್ರ. ನೀರಿಲ್ಲದೆ ಭರದಿಂದ ಉಜ್ಜುವಾಗ ತೆಳ್ಳಗಿನ ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ ಶಾಖ ೩೦೦ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿತೆಂದು ಅರ್ಥ; ಅಡಿಗೆ ಚಾಕುವಿನ ಉಕ್ಕು ಅಲ್ಲಿಗೆ ತನ್ನ ಹದ ಕಳೆದುಕೊಂಡಿರುತ್ತದೆ. ಮೂರನೆಯದು ಚಾಕುವನ್ನು ಹಿಡಿಕೆಯಲ್ಲಿ ಬಿಗಿದು, ಸರಳಿಗೆ ಜೋಡಿಸಿದ ಕಲ್ಲನ್ನು ಗೊತ್ತಾದ ಕೋನದಲ್ಲಿ ಆಡಿಸುವ ಸೆಟ್ಟು. ಇದು ಕೆಟ್ಟ ವಸ್ತುವಲ್ಲ. ಅಂಚು ಚೆನ್ನಾಗಿಯೇ ಬರುತ್ತದೆ. ಆದರೆ ಬೆಲೆ ಸಾವಿರಗಳ ಲೆಕ್ಕ. ಒಂದು ಚಾಕುವಿಗೆ ತಿರುಪು ಬಿಗಿದು, ಸಡಿಲಿಸಿ, ತಿರುಗಿಸಿ, ಮತ್ತೆ ಬಿಗಿಯುವ ಸಂಭ್ರಮ ಮೂರು ಭಾನುವಾರ ನಡೆಯುತ್ತದೆ. ನಾಲ್ಕನೆಯದಕ್ಕೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಸರಕಾರಿ ಕಡತಗಳ ನಡುವೆ ಬಾಳುವ ನಮಗೆ ಒಂದು ಸಂಗತಿ ಗೊತ್ತು: ಬೇಕಾದುದೇನೆಂದು ಮೊದಲು ಬರೆಯದೆ ಮೂರು ಕೊಟೇಶನ್ ತರಿಸಿದರೆ ಬರುವುದು ಬೇಡದ ವಸ್ತುವೇ. ನಮ್ಮ ಅಡಿಗೆಮನೆಯಲ್ಲಿ ಇರುವುದೇನು? ಎರಡು ತರಕಾರಿ ಚಾಕು, ಒಂದು ದೊಡ್ಡ ಚಾಕು ಮತ್ತು ಊರಿಂದ ಬಂದ ಈಳಿಗೆಮಣೆ, ಕರಾವಳಿಯವರಾದರೆ ಮೆಟ್ಟುಕತ್ತಿ. ಮಣೆಗೆ ಕಚ್ಚಿಕೊಂಡು ಬಾಗಿ ನಿಂತ ಆ ಅಲಗನ್ನು ಯಾವ ಡಬ್ಬಿಯ ಸೀಳಿನಲ್ಲಿ ಎಳೆಯುವಿರಿ? ಯಾವ ಹಿಡಿಕೆಯಲ್ಲಿ ಬಿಗಿಯುವಿರಿ? ಪಾಶ್ಚಾತ್ಯರ ನೇರ ಚಾಕುವಿಗೆಂದು ಹುಟ್ಟಿದ ಆ ಸಾಧನಗಳಿಗೆ ನಮ್ಮ ಈಳಿಗೆಮಣೆಯ ಗುರುತೇ ಇಲ್ಲ. ಕಲ್ಲಿಗಾದರೋ ಈ ಭೇದವಿಲ್ಲ. ಚಾಕುವನ್ನು ಕಲ್ಲಿನ ಬಳಿಗೆ ತರಬಹುದು. ಅಲುಗಾಡದ ಅಲಗಿದ್ದರೆ ಕಲ್ಲನ್ನೇ ಕೈಯಲ್ಲಿ ಹಿಡಿದು ಅದರ ಬಳಿಗೆ ಒಯ್ಯಬಹುದು.

ಯಾವ ಕಲ್ಲು? ಕಾರ್ಬೊರಂಡಮ್, ಅಂದರೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ ೧೮೯೩ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗಡಸುತನದ ಮೋಸ್ ಮಾಪಕದಲ್ಲಿ ವಜ್ರಕ್ಕೆ ೧೦, ಬೆಣಚುಕಲ್ಲಿಗೆ ೭. ಇದಕ್ಕೆ ೯ಕ್ಕೂ ಮೇಲೆ. ನಮ್ಮ ದೇಶದಲ್ಲೇ ತಯಾರಾಗುವ ಈ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಮುಖ ಒರಟು, ಇನ್ನೊಂದು ನಯ. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯವೆಂದು ತಿಳಿಯಬೇಕು. ಆರಿಸಿಕೊಳ್ಳುವ ಅವಕಾಶವಿದ್ದರೆ ಒಂದು ಕಡೆ ೪೦೦, ಇನ್ನೊಂದು ಕಡೆ ೧೦೦೦ ಇರುವುದು ಅಡಿಗೆ ಚಾಕುವಿಗೆ ಸಾಕೋ ಸಾಕು. ಉದ್ದ ಎಂಟು ಅಂಗುಲವಿರಲಿ. ಗಿಡ್ಡ ಕಲ್ಲಿನ ಮೇಲೆ ಹೊಸಬರ ಕೈ ತಡವರಿಸುತ್ತದೆ.

ಕೋನ ಹಿಡಿಯುವುದು ಕಷ್ಟವೆಂದು ಹೆದರಿಸಿಯೇ ಯಂತ್ರಗಳನ್ನು ಮಾರುವುದು. ಕಾಲೇಜಿನಲ್ಲಿ ಕಲಿತ ತ್ರಿಕೋನಮಿತಿ ಇಂತಲ್ಲಿ ಒದಗದೆ ಇನ್ನೆಲ್ಲಿ ಒದಗಬೇಕು? ಅಡಿಗೆ ಚಾಕುವಿಗೆ ಒಂದೊಂದು ಬದಿಗೆ ೧೫ರಿಂದ ೨೦ ಡಿಗ್ರಿ ಬೇಕು. ಅಲಗಿನ ಅಗಲದ ಹತ್ತರಲ್ಲಿ ಮೂರು ಪಾಲಿನಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿದರೆ ಸೈನ್ ಬೆಲೆ ೦.೩, ಕೋನ ಹದಿನೇಳೂವರೆ ಡಿಗ್ರಿ. ೨ ಸೆಂಟಿಮೀಟರ್ ಅಗಲದ ತರಕಾರಿ ಚಾಕುವಾದರೆ ಈ ಎತ್ತರ ೬ ಮಿಲಿಮೀಟರ್. ನಾವು ದಿನವೂ ಹಿಡಿಯುವ ಪೆನ್ಸಿಲಿನ ದಪ್ಪಕ್ಕಿಂತ ತುಸು ಕಡಿಮೆ. ಸಾವಿರಾರು ರೂಪಾಯಿಯ ಸೆಟ್ಟು ಮಾಡುವ ಮುಖ್ಯ ಕೆಲಸ ಇಷ್ಟೇ.

ಒದ್ದೆ ಬಟ್ಟೆಯ ಮೇಲೆ ಕಲ್ಲನ್ನಿಟ್ಟು, ನೀರು ಹನಿಸಿ, ಒಂದೇ ಕೋನದಲ್ಲಿ ನಿಧಾನವಾಗಿ ಉಜ್ಜಬೇಕು. ಸ್ವಲ್ಪ ಹೊತ್ತಿಗೆ ಆಚೆ ಬದಿಯಲ್ಲಿ ಕಣ್ಣಿಗೆ ಕಾಣದ, ಬೆರಳಿಗೆ ಗರಗರ ತಾಗುವ ಎಳೆಯಂಥ ಲೋಹ ಏಳುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಓಡಿಸಬಾರದು. ಬೆನ್ನಿನಿಂದ ಅಂಚಿನ ಹೊರಕ್ಕೆ ಹಗುರವಾಗಿ ಸವರಬೇಕು. ಆ ಗರಗರ ಬುಡದಿಂದ ತುದಿಯವರೆಗೆ ಸಿಕ್ಕಿದಾಗ ಚಾಕು ತಿರುಗಿಸಬೇಕು. ಎರಡೂ ಬದಿ ಆದಮೇಲೆ ನಯ ಮುಖದ ಮೇಲೆ ಹಗುರ ಕೈಯಿಂದ ಅದನ್ನು ಕಳೆದು, ಹಳೆಯ ಚರ್ಮದ ಬೆಲ್ಟಿನ ಮೇಲೆ ಅಂಚನ್ನು ಹಿಂದಕ್ಕೆಳೆದು ಒರಸಿದರೆ ಮುಗಿಯಿತು. ಎತ್ತಿ ಹಿಡಿದ ಹಳೆಯ ಪತ್ರಿಕೆಯ ಹಾಳೆ ಸರ್ರನೆ ಸೀಳಿದರೆ ಪಾಸು.

ಆಕ್ಷೇಪಣೆಗಳು ಬರಲಿ. ಸಮಯವೆಲ್ಲಿ ಎನ್ನುವವರಿಗೆ: ಕೈ ಕುದುರಿದ ಮೇಲೆ ತಿಂಗಳಿಗೆ ಕಾಲು ಗಂಟೆ ಸಾಕು. ಹೊಸಬರು ಚಾಕು ಹಾಳುಮಾಡುವರು ಎನ್ನುವವರಿಗೆ: ಮನೆಯ ಅತಿ ಅಗ್ಗದ ಚಾಕುವಿನಿಂದ ತೊಡಗಿರಿ, ಕಲ್ಲು ನಿಧಾನದ ಗುರು, ತಪ್ಪನ್ನು ತಿದ್ದಿಕೊಳ್ಳಲು ಬಿಡುತ್ತದೆ, ಚಕ್ರ ಬಿಡುವುದಿಲ್ಲ. ಬೀದಿಗೆ ಬರುವ ಸಾಣೆಯವನ ಹೊಟ್ಟೆಯ ಮೇಲೆ ಹೊಡೆಯುವಿರಾ ಎನ್ನುವವರಿಗೆ: ಖಂಡಿತ ಇಲ್ಲ. ಸೈಕಲ್ ತುಳಿದು ಚಕ್ರ ತಿರುಗಿಸುವ ಆತ ಹಲ್ಲು ಮುರಿದ ಅಲಗನ್ನು ಸರಿಮಾಡಲಿ, ಕತ್ತರಿ ಹಿಡಿಯಲಿ; ದಿನಬಳಕೆಯ ಚಾಕುವಿಗೆ ಆತನ ದಾರಿ ಕಾಯುತ್ತ ತಿಂಗಳುಗಟ್ಟಲೆ ಮೊಂಡು ಅಲಗಿನಲ್ಲಿ ಹೆಣಗುವುದು ಬೇಡ. ಗರಗಸದ ಹಲ್ಲಿನ ಚಾಕುವಿಗೂ ಸೆರಾಮಿಕ್ ಚಾಕುವಿಗೂ ಈ ಕಲ್ಲು ಹೊಂದುವುದಿಲ್ಲವೆಂಬುದನ್ನು ಒಪ್ಪುತ್ತೇವೆ. ಅವು ಎಷ್ಟು ಮನೆಯಲ್ಲಿವೆ?

ಹೊಸ ಚಾಕು ಕೊಂಡರಾಯಿತು ಎಂಬ ಮಾತೇ ಎಲ್ಲಕ್ಕಿಂತ ಕೆಟ್ಟದ್ದು. ಬಿಸಾಡಿದ ಚಾಕುವಿನಲ್ಲಿ ಹತ್ತು ವರ್ಷದ ಆಯುಸ್ಸು ಇನ್ನೂ ಉಳಿದಿರುತ್ತದೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಿದ್ದೇವೆ, ಕರಾಟೆ ಕಲಿಸಿದ್ದೇವೆ. ಮನೆಯ ಚಾಕುವೊಂದನ್ನು ಬಾಳಿಸುವ ಬಗೆ ಕಲಿಸಿದ್ದೇವೆಯೆ? ಮಗನಿಗೂ ಕಲಿಸಿರಿ, ಮಗಳಿಗೂ ಕಲಿಸಿರಿ. ಮಗನಿಗೆ ಮೊದಲು ಕಲಿಸಿರಿ, ಏಕೆಂದರೆ ಅವನ ಬಾಕಿ ದೊಡ್ಡದಿದೆ. ಈ ತಿಂಗಳ ಸಂಬಳದಲ್ಲಿ ಒಂದು ಕಲ್ಲು ತನ್ನಿರಿ. ಮುಂದಿನ ಭಾನುವಾರ ಪತ್ರಿಕೆ ಓದಿ ಮುಗಿಸಿದ ಯಜಮಾನರು ಅದೇ ಹಾಳೆಯ ಮೇಲೆ ಹರಿತ ಪರೀಕ್ಷಿಸಲಿ.